ಬೇವಿನ ಬುಡದ ಮುಳ್ಳು

ಅಡಿವೆಪ್ಪ ಮಠಕ್ಕೆ ಬಂದು ಮುಟ್ಟಿದಾಗ ಇನ್ನೂ ಕೋಳಿ ಕೂಗುತ್ತಿತ್ತು. ಮೂವತ್ತು ವರ್ಷದ ಮೇಲೆ ಬಂದಿದ್ದ.

ರೇವಯ್ಯಜ್ಜಾರು ಆಗಲೇ ಎದ್ದು ಹೊರಟಿದ್ದರು. ಹೆಗಲ ಮೇಲೆ ಅದೇ ತಾಮ್ರದ ಕೊಡ.

"ಯಾರಪಾ ಅದು?"

"ನಾನ್ರೀ ಅಜ್ಜಾರ, ಅಡಿವೆಪ್ಪ. ಸಣ್ಣಾವಿದ್ದಾಗ ನಿಮ್ಮ ಕಡೆ ಕಲಿಯಾಕ ಇದ್ನೆಲ್ರೀ."

"ಓಡೋ ಹುಡುಗ ಅಡಿವೆಪ್ಪ!" ಅಜ್ಜಾರು ಬೊಚ್ಚುಬಾಯಿ ತುಂಬ ನಕ್ಕರು. "ಮತ್ತ ಮಾರಿ ಯಾಕ ಸಣ್ಣದು ಮಾಡ್ಕೊಂಡಿ?"

"ನನ್ನ ಓಟ ಮುಗೀತ್ರೀ. ನಾನ ಓಟಕ್ಕ ತಯಾರ ಮಾಡಿದ ಹುಡುಗೂರು ನನ್ನನ್ನ ಹಿಂದ ಹಾಕಿ ಹೊಂಟಾರ. ಕಾಲಾಗ ಮೊದಲಿನ ಬಿರುಸ ಇಲ್ಲ. ಅದು ಹೋದ ಮ್ಯಾಲೆ ನಾ ಯಾರು ಅನ್ನೋದ ತಿಳೀವಲ್ತು."

"ಆಮ್ಯಾಲೆ ಮಾತಾಡೂಣು. ಮೊದಲ ಹೊಳಿಗೆ ನಡಿ."

ಆ ಮಠದಲ್ಲಿ ಒಂದು ನೇಮ. ಬೆಳಗಿನ ಬಿಸಿಲು ಹೊಸ್ತಿಲು ಮುಟ್ಟುವುದರೊಳಗೆ ಹೊಳೆಯ ನೀರು ಗದ್ದಿಗೆಗೆ ಬರಬೇಕು. ಬರಿಗಾಲಲ್ಲಿ ನಡೆದೇ ತರಬೇಕು, ಕೊಡವನ್ನು ನಡುವೆ ಇಳಿಸುವಂತಿಲ್ಲ. ಅರವತ್ತು ವರ್ಷ ಅಜ್ಜಾರು ಇದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

"ಆದ್ರ ನಿನ್ನೆ, ಮೊನ್ನೆ ಎರಡು ದಿನಾನೂ ಬಿಸಿಲು ನನಗಿಂತ ಮೊದಲ ಬಂದು ಕುಂತಿತ್ತು," ಎಂದರು ಅಜ್ಜಾರು. "ಇವತ್ತೂ ತಡಾ ಆತಂದ್ರ ನಾಳಿಂದ ಈ ಕೊಡ ಬ್ಯಾರೆಯವರ ಹೆಗಲಿಗೆ."

ನಗುತ್ತಲೇ ಅಂದರು. ಆದರೆ ಕೊಡದ ಕೊರಳು ಹಿಡಿದ ಕೈ ಬಿಗಿಯಾಗಿದ್ದನ್ನು ಅಡಿವೆಪ್ಪ ನೋಡಿದ.

ಚಪ್ಪಲಿ ಬಿಟ್ಟು ಹಿಂದೆ ಹೊರಟವನು ಅಂಗಳದಲ್ಲೇ ನಿಂತುಬಿಟ್ಟ. ಎಲಾ ಇದರ! ಹೊಳೆ ಇಲ್ಲೇ ಕಾಣುತ್ತಿದೆಯಲ್ಲ! ಸಣ್ಣವನಿದ್ದಾಗ ಈ ದಾರಿಗೆ ಕೊನೆಯೇ ಇರಲಿಲ್ಲ. ಕೈಯಲ್ಲಿ ತಂಬಿಗೆ ಹಿಡಿದು ಅಜ್ಜಾರ ಜೊತೆ ಹೋಗಿಬಂದರೆ ಪರದೇಶ ತಿರುಗಿ ಬಂದ ಹಾಗಾಗುತ್ತಿತ್ತು.

"ದಾರಿ ಇಷ್ಟ ಇತ್ತೇನ್ರೀ ಅಜ್ಜಾರ?"

"ನಿನ್ನ ಪಾಲಿಗೆ ಸಣ್ಣದಾಗೇತಿ. ನನ್ನ ಪಾಲಿಗೆ ದಿನಾ ಒಂದು ಗೇಣು ಬೆಳಿಯಾಕತ್ತೈತಿ."

"ಹಂಗಾರ ಖರೇ ದಾರಿ ಎಷ್ಟುದ್ದ ಐತ್ರೀ?"

"ಅದನ್ನ ದಾರಿಗೇ ಕೇಳು."

ಹೊಳೆಯಲ್ಲಿ ಮಿಂದು, ಕೊಡ ತುಂಬಿ ಹೆಗಲಿಗೇರಿಸುವಷ್ಟರಲ್ಲಿ ಮೂಡಣ ಕೆಂಪೇರಿತ್ತು. ಅಡಿವೆಪ್ಪ ಕೊಡ ಕೇಳಿದ, ಅಜ್ಜಾರು ಕೊಡಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಟ್ಟರು. ಅವರು ನಿಂತಾಗಲೆಲ್ಲ ಅಡಿವೆಪ್ಪನೂ ನಿಂತ.

"ನೀ ಕಾಯಾಕತ್ತಿ ಅಂದ ಕೂಡಲೇ ನನ್ನ ಕಾಲು ಇನ್ನಷ್ಟು ಭಾರ ಆಗತಾವಪಾ," ಎಂದರು ಅಜ್ಜಾರು. ದನಿ ಸೋತಿತ್ತು.

ಅಷ್ಟರಲ್ಲಿ ಗದ್ದಿಗೆಯ ಕಳಸಕ್ಕೆ ಬಿಸಿಲು ಬಿತ್ತು. ಅಲ್ಲಿಂದ ಹೊಸ್ತಿಲಿಗೆ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಅರ್ಧ ದಾರಿಗೆ ಬೇವಿನ ಮರ ಬಂತು. ಅಡಿವೆಪ್ಪನಿಗೆ ಎಲ್ಲ ಕಣ್ಣಿಗೆ ಕಟ್ಟಿತು. ದಿನಾ ಇದೇ ಮರದ ಹತ್ತಿರ ಅಜ್ಜಾರ ಕಾಲಿಗೆ ಮುಳ್ಳು ಚುಚ್ಚುತ್ತಿತ್ತು. ಹೆಗಲ ಕೊಡ ಇಳಿಸದೆ, ಮರಕ್ಕೊರಗಿ, ಒಂಟಿಗಾಲಲ್ಲಿ ನಿಂತು ಮುಳ್ಳು ಹುಡುಕುತ್ತಿದ್ದರು. "ನೀ ನಡಿಯಪಾ, ಹಿಂದಿಂದ ಬಂದು ನಿನ್ನ ಹಿಡೀತೀನಿ ನೋಡು!" ಎಂದು ಕೂಗುತ್ತಿದ್ದರು. ಅವನು ತಂಬಿಗೆ ನೀರು ತುಳುಕಿಸುತ್ತ ಓಡುತ್ತಿದ್ದ. ಅವರು ಒಂದು ದಿನವೂ ಹಿಡಿಯಲಿಲ್ಲ. "ನಿನ್ನ ಕಾಲ ಭಾಳ ಬಿರುಸಲೇ," ಎಂದು ಬೆನ್ನು ತಟ್ಟುತ್ತಿದ್ದರು.

ಒಂಬತ್ತು ವರ್ಷಕ್ಕೇ ಅಜ್ಜಾರನ್ನು ಸೋಲಿಸಿದವನು ನಾನು! ಓಟದ ಗೆರೆಯ ಮೇಲೆ ನಿಂತಾಗಲೆಲ್ಲ ಮನಸ್ಸಿನಲ್ಲಿ ಅದನ್ನೇ ಅಂದುಕೊಳ್ಳುತ್ತಿದ್ದ. ಹಾಗೆ ಅಂದುಕೊಂಡೇ ಜಿಲ್ಲೆಗೆ ಮೊದಲು ಬಂದಿದ್ದ.

ಈಗ ನೆಲ ನೋಡಿದ. ಉದುರಿದ ಬೇವಿನ ಹೂವು, ಒಣಗಿದ ಎಲೆ, ನುಣ್ಣನೆಯ ಮಣ್ಣು. ಸುತ್ತಲೂ ಕಣ್ಣಾಡಿಸಿದ. ಜಾಲಿಯಿಲ್ಲ, ಕಳ್ಳಿಯಿಲ್ಲ. ಹುಡುಕಿದರೂ ಒಂದು ಮುಳ್ಳು ಸಿಗುವ ಜಾಗವಲ್ಲ ಅದು.

ಅಯ್ಯೋ, ಎಷ್ಟು ದಿನ ಹಾಗೆ ಒಂಟಿಗಾಲಲ್ಲಿ ನಿಂತಿದ್ದರೋ! ಗೆಲುವು ಸುಳ್ಳಾಗಿತ್ತು, ಆದರೆ ಅದನ್ನು ನಂಬಿ ಓಡಿದ ಕಾಲು ಅವನದೇ ಆಗಿತ್ತು.

ಅವನು ಪಾದ ಹಿಡಿದು ದೊಪ್ಪನೆ ಕುಳಿತ.

"ಅಯ್ಯಯ್ಯ! ಮುಳ್ಳ ಚುಚ್ಚಿತ್ರೀ ಅಜ್ಜಾರ!"

"ಭಾಳ ಚುಚ್ಚೇತೇನೋ?"

"ನೀವ ನಡೀರಿ. ಹಿಂದಿಂದ ಬಂದು ನಿಮ್ಮನ್ನ ಹಿಡೀತೀನಿ ನೋಡ್ರಿ!"

ಅಜ್ಜಾರು ಒಂದು ಗಳಿಗೆ ಅವನನ್ನೇ ನೋಡಿದರು. ಮುಖ ಅರಳಿತು.

"ನನ್ನ ಹಿಡೀತಿ? ನೀ? ಹಿಡಿ ನೋಡೂಣು!"

ಕೊಡ ಗಟ್ಟಿ ಹಿಡಿದು ನಡೆದರು. ಹತ್ತು ಹೆಜ್ಜೆಗೆ ನಿಲ್ಲಲಿಲ್ಲ, ಇಪ್ಪತ್ತಕ್ಕೂ ನಿಲ್ಲಲಿಲ್ಲ. ನೀರು ತುಳುಕಿ ಬೆನ್ನು ತೊಯ್ಯಿತು. ತಿರುಗಿ ತಿರುಗಿ ನೋಡುತ್ತ, ಹುಡುಗರ ಹಾಗೆ ಕಿಲಕಿಲ ನಗುತ್ತ ಹೋದರು. ಅಡಿವೆಪ್ಪ ಎದ್ದು, ಕುಂಟುತ್ತ, ಹಿಂದೆಯೇ ಉಳಿದ.

ಅವನು ಅಂಗಳ ಮುಟ್ಟಿದಾಗ ಕೊಡ ಗದ್ದಿಗೆಯ ಮುಂದಿತ್ತು. ಬಿಸಿಲು ಹೊಸ್ತಿಲಿಗೆ ಇನ್ನೂ ಒಂದು ಗೇಣು ದೂರವಿತ್ತು. ಅಜ್ಜಾರು ಕಂಬಕ್ಕೊರಗಿ ಉಸಿರು ಸುಧಾರಿಸಿಕೊಳ್ಳುತ್ತಿದ್ದರು.

"ಸೋತೆ ನೋಡ್ರೀ ಅಜ್ಜಾರ. ನಿಮ್ಮ ಕಾಲ ಭಾಳ ಬಿರುಸ."

ಅಜ್ಜಾರು ಅವನ ಕಾಲು ನೋಡಿದರು. ಆಮೇಲೆ ದೂರದ ಮರ ನೋಡಿದರು.

"ಆ ಬೇವಿನ ಬುಡಕ ಮುಳ್ಳ ಭಾಳಪಾ," ಎಂದರು. "ನನಗೂ ದಿನಾ ಅಲ್ಲೇ ಚುಚ್ಚತಿತ್ತು."