ಕತ್ತೆಯ ಕೂಲಿ, ಕೋತಿಯ ಹೆಬ್ಬೆಟ್ಟು

ಆನೆಯಜ್ಜಿಯ ಹಳೆಯ ದಿನಚರಿಯಲ್ಲಿ ಮಾರ್ಚ್ ಒಂಬತ್ತರ ಪುಟ ಹೀಗಿದೆ: "ಇಂದಿನಿಂದ ನಮ್ಮ ಇಟ್ಟಿಗೆ ಗೂಡಿನ ಕೂಲಿಯೆಲ್ಲ ನೇರ ಖಾತೆಗೆ. ಯಾರಿಗೂ ಬಾಕಿಯಿಲ್ಲ." ಆ ಸಾಲಿನ ಮೇಲೆ ಅಜ್ಜಿಗೆ ಬಹಳ ಹೆಮ್ಮೆ. ಆದರೆ ಇಟ್ಟಿಗೆ ಹೊರುವ ಕತ್ತೆ ದಿನದಿಂದ ದಿನಕ್ಕೆ ಸೊರಗುತ್ತಿತ್ತು.

"ಪೂರ್ತಿ ಕೂಲಿ ಹಾಕಿದ್ದೇನಲ್ಲೋ, ಹೊಟ್ಟೆಗೆ ತಿನ್ನುವುದಿಲ್ಲವೇನು?" ಎಂದು ಅಜ್ಜಿ ಗದರಿದಳು.

"ಹಾಕಿದ್ದೀರಿ, ಅಮ್ಮಾ. ಹಣ ತೆಗೆಯಲು ಹೋದರೆ ಯಂತ್ರ ಹೆಬ್ಬೆಟ್ಟು ಕೇಳುತ್ತದೆ. ನನಗಿರುವುದು ಗೊರಸು. ಅದಕ್ಕೇ ಖಾತೆಗೆ ಕೋತಿಯಣ್ಣನ ಹೆಬ್ಬೆಟ್ಟು ಕೊಟ್ಟಿದ್ದೇನೆ. ತೆಗೆದುಕೊಡುತ್ತಾನೆ, ಅರ್ಧ ತಾನೇ ಇಟ್ಟುಕೊಳ್ಳುತ್ತಾನೆ."

"ಬೆರಳಿಗೆ ಬಾಡಿಗೆ ಬೇಡವೇ?" ಎಂದು ಮರದ ಮೇಲಿಂದ ಕೋತಿ ಹಲ್ಲು ಕಿರಿಯಿತು.

ಅಜ್ಜಿಯ ಮುಖ ಸಣ್ಣದಾಯಿತು. ಯಂತ್ರ ತರಿಸುವಾಗ ದುಡಿಯುವವರ ಕಾಲುಗಳನ್ನು ಅವಳು ನೋಡಿಯೇ ಇರಲಿಲ್ಲ.

"ನೀನೇ ಎಂದು ಗುರುತು ಹಿಡಿಯಲು ನಿನ್ನಲ್ಲಿ ಏನಿದೆ?" ಎಂದಳು.

"ದನಿ ಇದೆ, ಅಮ್ಮಾ," ಎಂದು ಕತ್ತೆ ನಾಚಿಕೊಂಡಿತು.

ಮರುವಾರವೇ ದನಿ ಗುರುತಿಸುವ ಯಂತ್ರ ಬಂತು. ಶನಿವಾರ, ವಾರದ ಕೂಲಿಯ ದಿನ, ಕತ್ತೆ ಅದರ ಎದುರು ನಿಂತು ಮನಸಾರೆ ಅರಚಿತು. ಪೂರ್ತಿ ಕೂಲಿ ಹೊರಬಂತು. ಕೋತಿ ಎರಡೂ ಕಿವಿ ಮುಚ್ಚಿಕೊಂಡು ಓಡಿತು.

ಇದಕ್ಕೆಲ್ಲ ತಗಲಿದ ಖರ್ಚು: ಅಜ್ಜಿಗೆ ಬಾಳೆತೋಟದ ಒಂದು ಫಸಲು, ಇಡೀ ಕಾಡಿಗೆ ಪ್ರತಿ ಶನಿವಾರ ಮಧ್ಯಾಹ್ನದ ನಿದ್ದೆ.