ಪ್ರಾಗ್ ಪೇಟೆಯಲ್ಲಿ ನೀಲವ್ವನ ಮಗ

ಗದಗಿನ ಬಸ್ ಸ್ಟ್ಯಾಂಡಿನ ಹಿಂದೆ ನೀಲವ್ವನ ಖಾನಾವಳಿ. ನೀಲವ್ವನಿಗೆ ಒಬ್ಬನೇ ಮಗ, ಹೆಸರು ಗುರುಪಾದ. ವಯಸ್ಸು ಮೂವತ್ತು, ಮೈಯಲ್ಲಿ ಎತ್ತಿನ ಬಲ, ಮನಸ್ಸು ಹಾಲಿನಂಥದ್ದು. ಬುದ್ಧಿ ಮಾತ್ರ ಅವ್ವ ಹೇಳಿದಷ್ಟೇ. ಹೇಳಿದ್ದಕ್ಕಿಂತ ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ. ಊಟಕ್ಕೆ ಬಂದ ಹಿರಿಯರನ್ನು ಕೈ ಹಿಡಿದು ಕೂರಿಸು ಅಂತ ಅವಳು ಒಮ್ಮೆ ಹೇಳಿದ್ದಳು. ಹಿಡಿದ. ಊಟ ಮುಗಿಯುವ ತನಕ ಬಿಡಲಿಲ್ಲ. ಪಾಪ, ಆ ಹಿರಿಯರು ಎಡಗೈಯಲ್ಲಿ ರೊಟ್ಟಿ ಮುರಿದು ತಿಂದು ಹೋದರು.

ಇಂಥ ಮಗನನ್ನು ಬಿಟ್ಟು ನೀಲವ್ವ ಎಲ್ಲಿಗೂ ಹೋಗುವವಳಲ್ಲ. ಯುರೋಪಿಗೆ ಹೊರಟಿದ್ದ ಪ್ರವಾಸದ ತಂಡದವರು, ನಮಗೆ ನಮ್ಮ ಕಡೆಯ ಊಟವೇ ಬೇಕು, ಅಡುಗೆಗೆ ನೀವೇ ಬರಬೇಕು ಅಂತ ಕರೆದಾಗ, ಮಗನೂ ಬಂದರೆ ಬರುತ್ತೇನೆ ಅಂದಳು. ಪಾತ್ರೆ ಎತ್ತಲು ಆಳು ಬೇಕೇ ಬೇಕಲ್ಲ ಅಂತ ಮ್ಯಾನೇಜರ್ ದೇಸಾಯರು ಒಪ್ಪಿದರು. ಹಾಗೆ ಅವ್ವ ಮಗ ಇಬ್ಬರೂ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ಪ್ರಾಗ್ ಊರಿಗೆ ಬಂದಿಳಿದರು.

ಒಂದು ದಿನ ಬೆಳಿಗ್ಗೆ ಉಪ್ಪಿಟ್ಟು ಬಡಿಸಿದ ಮೇಲೆ, ನೀವೂ ಹಳೇ ಪೇಟೆ ನೋಡಲು ಬನ್ನಿ ಅಂತ ದೇಸಾಯರು ಕರೆದರು. ನೀಲವ್ವ ಮಗನಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿದಳು, ಕಿವಿ ಮುಚ್ಚುವ ಟೊಪ್ಪಿಗೆ ತೊಡಿಸಿದಳು. ಗೈಡ್ ಹುಡುಗಿ ಕೆಂಪು ಛತ್ರಿ ಎತ್ತಿ ಹಿಡಿದಿರ್ತಾಳೆ, ಆ ಕೆಂಪು ಛತ್ರಿ ಬಿಟ್ಟು ಬೇರೇನೂ ನೋಡಬೇಡ ಅಂತ ಹೇಳಿದಳು.

ಗುರುಪಾದ ಬೇರೇನೂ ನೋಡಲಿಲ್ಲ. ಆದರೆ ಹೊಳೆಯ ಮೇಲಿನ ಕಲ್ಲಿನ ಸೇತುವೆ ಹತ್ತುವಷ್ಟರಲ್ಲಿ ಅಲ್ಲಿ ಕೆಂಪು ಛತ್ರಿಗಳು ಮೂರಾಗಿದ್ದವು. ಇವನು ಇಟಲಿಯವರ ಛತ್ರಿಯ ಬೆನ್ನು ಹತ್ತಿದ. ಅವರ ಜೊತೆ ಸಾಲಿನಲ್ಲಿ ನಿಂತ, ಅವರು ಕೊಟ್ಟ ಬಿಸ್ಕೀಟು ತಿಂದ, ಅವರ ಫೋಟೋದಲ್ಲಿ ನಡುವೆ ನಿಂತು ನಕ್ಕ. ನೀಲವ್ವ ಏದುಸಿರು ಬಿಡುತ್ತಾ ಹುಡುಕಿ ಹಿಡಿದು ಬೈದಳು. ಛತ್ರಿ ನೋಡಿದರೆ ಸಾಲದು, ಮುಖ ನೋಡಬೇಕು, ನಮ್ಮವರೋ ಅಲ್ಲವೋ ಅಂತ ಒಬ್ಬೊಬ್ಬರ ಮುಖ ನೋಡಿಕೊಂಡು ನಡೆಯಬೇಕು ಅಂದಳು.

ಸರಿ, ಗುರುಪಾದ ಮುಖ ನೋಡಲು ಹತ್ತಿದ. ಸೇತುವೆಯ ಎರಡೂ ಬದಿಗೆ ಕಲ್ಲಿನ ಸಂತರ ಮೂರ್ತಿಗಳು ಸಾಲಾಗಿ ನಿಂತಿವೆ. ಕಟ್ಟೆ ಹತ್ತಿ ಅವರನ್ನೂ ಬಿಡದೆ ನೋಡಿದ. ಚಳಿಗೆ ಮೂಗಿನ ತನಕ ಮಫ್ಲರ್ ಸುತ್ತಿಕೊಂಡಿದ್ದ ಪೊಲೀಸಿನವನೊಬ್ಬ ಎದುರಾದ. ಗುರುಪಾದ ಮಫ್ಲರನ್ನು ಮೆಲ್ಲಗೆ ಕೆಳಗೆ ಎಳೆದು, ನೋಡಿ, ನಮ್ಮವನಲ್ಲ ಅಂತ ಮತ್ತೆ ಮೇಲೆ ಮುಚ್ಚಿದ. ಪೊಲೀಸಿನವನು ಒಳ್ಳೆಯವನು, ನಕ್ಕು ಬಿಟ್ಟ. ನೀಲವ್ವನಿಗೆ ಮಾತ್ರ ಆ ಚಳಿಯಲ್ಲೂ ಬೆವರು ಬಂತು.

"ಯಾರ ಮೈಗೂ ಕೈ ಹಚ್ಚಬ್ಯಾಡ," ಅಂದಳು. "ತಪ್ಪಿಸಿಕೊಂಡ್ರ ನಿಂತಲ್ಲೇ ನಿಂದರು. ನಾ ಬರೂತನಕ ಕಾಲು ಕೀಳಬ್ಯಾಡ."

ಸೇತುವೆ ಮುಗಿದ ಕೂಡಲೇ ಟ್ರಾಮಿನ ಹಳಿ ದಾಟಬೇಕು. ಜನರ ನೂಕಾಟದಲ್ಲಿ ಅವ್ವ ಮುಂದೆ ಹೋದಳು. ಗುರುಪಾದ ಅತ್ತಿತ್ತ ನೋಡಿದ, ಅವ್ವ ಕಾಣಲಿಲ್ಲ. ನಿಂತಲ್ಲೇ ನಿಂತ. ನಿಂತದ್ದು ಹಳಿಗಳ ನಡುವೆ. ಟ್ರಾಮ್ ಬಂತು, ಗಂಟೆ ಬಾರಿಸಿತು, ಇವನು ಕದಲಲಿಲ್ಲ. ಡ್ರೈವರ್ ಇಳಿದು ಬಂದು ಕೈಮುಗಿದ. ಇವನೂ ಕೈಮುಗಿದ, ಕಾಲು ಮಾತ್ರ ಕೀಳಲಿಲ್ಲ. ಹಿಂದೆ ಇನ್ನೊಂದು ಟ್ರಾಮ್, ಅದರ ಹಿಂದೆ ಮತ್ತೊಂದು. ಕೊನೆಗೆ ನೀಲವ್ವ ಓಡಿ ಬಂದು ತೋಳು ಹಿಡಿದು ಎಳೆದ ಮೇಲೇ ದಾರಿ ತೆರವಾಯಿತು.

ಈ ಸಲ ದೇಸಾಯರು ಸಿಟ್ಟಾದರು. ಇನ್ನೊಂದು ಸಲ ಹೀಗಾದರೆ ಇಬ್ಬರನ್ನೂ ನಾಳೆಯೇ ವಿಮಾನ ಹತ್ತಿಸುತ್ತೇನೆ ಅಂದರು. ನೀಲವ್ವ, ತಾನಿಲ್ಲದ ದಿನ ಇವನ ತೋಳು ಹಿಡಿದು ಎಳೆಯುವವರು ಯಾರು ಅಂತ ನೆನೆದು ಕಣ್ಣು ಒರೆಸಿಕೊಂಡಳು. ಆಮೇಲೆ ಬಿಡಿಸಿ ಬಿಡಿಸಿ ಹೇಳಿದಳು.

"ಗಂಟಿ ಕೇಳಿತಂದ್ರ ಅಲ್ಲಿ ನಿಲ್ಲಬಾರದಪ್ಪಾ. ನೀನೂ ಸರೀಬೇಕು, ಬಾಜೂದವರನ್ನೂ ಸರಿಸಬೇಕು."

ಗುರುಪಾದ ಹೂಂ ಅಂದ.

ಚೌಕಕ್ಕೆ ಬಂದಾಗ ಹನ್ನೆರಡಾಗುತ್ತಿತ್ತು. ಅಲ್ಲೊಂದು ಹಳೇ ಗೋಪುರ, ಅದರಲ್ಲೊಂದು ದೊಡ್ಡ ಗಡಿಯಾರ. ಗಂಟೆಗೊಮ್ಮೆ ಅದರ ಬೊಂಬೆಗಳು ಕುಣಿಯುವುದನ್ನು ನೋಡಲು ಜನ ಕಿಕ್ಕಿರಿದಿದ್ದರು. ತಂಡದಲ್ಲಿ ಎಲ್ಲರಿಗಿಂತ ಹಿರಿಯರು ಇಂದುಮತಿ ಅಕ್ಕೋರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಎಪ್ಪತ್ತೆಂಟು ವರ್ಷ. ಗಾಳಿ ತಾಗದಿರಲಿ ಅಂತ ಒಂದು ಅಂಗಡಿಯ ಗೋಡೆಗೆ ಆತು ನಿಂತಿದ್ದರು. ಅವರ ಚಹಾದ ಥರ್ಮಾಸ್ ಹಿಡಿದು ಗುರುಪಾದ ಪಕ್ಕದಲ್ಲಿ.

ಗಡಿಯಾರದ ಮೈಮೇಲಿನ ಎಲುಬಿನ ಬೊಂಬೆ ಹಗ್ಗ ಜಗ್ಗಿತು. ಗಂಟೆ ಬಾರಿಸಿತು.

ಗುರುಪಾದ ಥರ್ಮಾಸ್ ಕೆಳಗಿಟ್ಟ. ಅಕ್ಕೋರನ್ನು ಜೋಳದ ಚೀಲದ ಹಾಗೆ ಹೆಗಲಿಗೆ ಎತ್ತಿಕೊಂಡು ಜನರನ್ನು ಸೀಳಿ ಓಡಿದ. ದೇಸಾಯರು ಹಿಂದೆ ಓಡಿದರು. ನೀಲವ್ವ ನಿಂತಲ್ಲೇ ಕಣ್ಣು ಮುಚ್ಚಿದಳು. ಮುಗಿಯಿತು, ನಾಳೆ ವಿಮಾನ ಗ್ಯಾರಂಟಿ ಅಂದುಕೊಂಡಳು.

ಆಗ ದೊಪ್ಪನೆ ಸದ್ದಾಯಿತು. ಬಿಸಿಲಿಗೆ ಸಡಿಲಾಗಿದ್ದ ಹಿಮದ ರಾಶಿ ಅಂಗಡಿಯ ಮಾಡಿನಿಂದ ಜಾರಿ, ಅಕ್ಕೋರು ನಿಂತಿದ್ದ ಜಾಗಕ್ಕೇ ಬಿದ್ದಿತ್ತು. ಮಂಜುಗಡ್ಡೆಯ ತುಂಡುಗಳ ಕೆಳಗೆ ಥರ್ಮಾಸ್ ಚಪ್ಪಟೆಯಾಗಿತ್ತು. ಹಿಮದ ಪುಡಿ ಹಾರಿ ಅಕ್ಕೋರ ಬೆನ್ನಿಗೂ ಸಿಡಿದಿತ್ತು.

ಹೆಗಲ ಮೇಲಿಂದಲೇ ಅಕ್ಕೋರು ನಿಧಾನವಾಗಿ ಕೇಳಿದರು, "ಹಿಮಾ ಬೀಳತೈತಿ ಅಂತ ನಿನಗ ಹ್ಯಾಂಗ ಗೊತ್ತಾತೋ?"

"ಗಂಟಿ ಬಾರಿಸಿತಲ್ರೀ ಅಕ್ಕೋರೆ," ಅಂದ ಗುರುಪಾದ.

ದೇಸಾಯರು ಅವನ ಎರಡೂ ಕೈ ಹಿಡಿದುಕೊಂಡರು, ವಿಮಾನದ ಮಾತು ಎತ್ತಲಿಲ್ಲ. ನೀಲವ್ವನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಬೈಯಲು ಏನೂ ಸಿಗದೆ, ಮಗನ ಟೊಪ್ಪಿಗೆ ಸರಿಮಾಡಿದಳು. ಅಕ್ಕೋರು ನಡುಗುತ್ತಿದ್ದರು.

"ಮೈತುಂಬಾ ಹಿಮಾ ಬಿದ್ದವರು ಯಾರರ ಇರಲಿ," ಅಂತ ನೀಲವ್ವ ಮಗನಿಗೆ ಅಂದಳು, "ಒಳಗ ಕರಕೊಂಡು ಹೋಗಿ ಹೀಟರ್ ಮುಂದ ಕೂಡಿಸಬೇಕು. ಶಾಲು ಹೊಚ್ಚಿ, ಬಿಸಿ ಸಾರು ಕುಡಿಸಬೇಕು. ತಿಳೀತಿಲ್ಲೋ?"

ತಿಳಿಯಿತು. ಹೋಟೆಲಿಗೆ ಬಂದು ಗುರುಪಾದ ಎಲ್ಲವನ್ನೂ ಹೇಳಿದ ಹಾಗೇ ಮಾಡಿದ. ಅಕ್ಕೋರು ಎರಡು ಬಟ್ಟಲು ಸಾರು ಕುಡಿದು, ಮುಖಕ್ಕೆ ಕಳೆ ಬಂದು, ಕೋಣೆಗೆ ಹೋಗಿ ಹಾಯಾಗಿ ಮಲಗಿದರು. ಸಂಜೆ ನೀಲವ್ವ ಅವರನ್ನು ಮಾತಾಡಿಸಿ, ಹಗುರ ಮನಸ್ಸಿನಿಂದ ಅಡುಗೆಮನೆಗೆ ಬಂದಳು.

ಹೀಟರ್ ಮುಂದೆ ಕುರ್ಚಿ. ಕುರ್ಚಿಯ ಮೇಲೆ ಅವಳ ಹೊಸ ಶಾಲು, ಹಿಂಡಿದರೆ ಕೊಡ ತುಂಬುವಷ್ಟು ಒದ್ದೆ. ನೆಲದ ತುಂಬ ನೀರು, ನೀರಿನ ಮೇಲೆ ಸಾರಿನ ಒಗ್ಗರಣೆ. ನಡುವೆ ಗುರುಪಾದ, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಗಜ್ಜರಿ, ಅಂದರೆ ಕ್ಯಾರೆಟ್ಟು.

ಹಿತ್ತಲಲ್ಲಿ ಒಬ್ಬ ದಪ್ಪ ಮನುಷ್ಯ ಅಂಗಿ ಕೂಡ ಇಲ್ಲದೆ ನಿಂತಿದ್ದನಂತೆ. ಮೈತುಂಬಾ ಹಿಮವಂತೆ. ಕರೆದರೆ ಮಾತಿಲ್ಲವಂತೆ. ಅದಕ್ಕೇ ಸಾಮಾನಿನ ಗಾಡಿಯ ಮೇಲೆ ಕೂರಿಸಿ ಒಳಗೆ ತಂದನಂತೆ.

"ಸಾರು ಕುಡಿಸಿ, ಇನ್ನೊಂದು ಸೌಟು ತರೂದರಾಗ ಎದ್ದು ಹೋಗ್ಯಾನವ್ವಾ," ಅಂದ. "ನೋಡು, ಮೂಗು ಮರತು ಹೋಗ್ಯಾನ."

ನೀಲವ್ವ ನೀರು ನೋಡಿದಳು, ಗಜ್ಜರಿ ನೋಡಿದಳು. ಹಿತ್ತಲಲ್ಲಿ ಮಕ್ಕಳು ಗಜ್ಜರಿಯ ಮೂಗಿಟ್ಟು ಮಾಡಿ ನಿಲ್ಲಿಸಿದ್ದ ಹಿಮದ ಬೊಂಬೆ ನೆನಪಾಯಿತು. ಒದ್ದೆ ಕುರ್ಚಿಯ ಮೇಲೇ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಗುರುಪಾದನಿಗೆ ಬೇಜಾರಾಯಿತು. "ನೀ ನಗಾಕತ್ತಿ. ಇಂಥಾ ಚಳಿಯಾಗ ಮೂಗಿಲ್ಲದ ಅಂವ ಹ್ಯಾಂಗ ಉಸುರಾಡಬೇಕು?" ಅಂದವನೇ, ಟೊಪ್ಪಿಗೆ ಹಾಕಿಕೊಂಡು, ಗಜ್ಜರಿ ಹಿಡಿದು ಬೀದಿಗೆ ಓಡಿದ.