ಬಚ್ಚ ಮಾಡು ತೆಗೆದದ್ದು

ಹೊಸಕೋಡಿ ಗುಲಾಬಿಯ ಮಗ ಬಚ್ಚನ ಕತೆ ಇದು. ನಗುವವರು ಧಾರಾಳ ನಗಿ. ಬಚ್ಚ ಎದುರಿಗೇ ಇದ್ದರೂ ಅಡ್ಡಿಯಿಲ್ಲ, ಯಾಕೆ ಅಂತ ಕೇಳದೆ ಅವನೂ ನಿಮ್ಮ ಜೊತೆ ನಗುತ್ತಾನೆ.

ಹುಡುಗ ಒಳ್ಳೆಯವನು. ಹೇಳಿದ ಮಾತು ಮೀರುವವನೇ ಅಲ್ಲ. ಗುಲಾಬಿಯ ಗೋಳು ಅದೇ. ಒಣಗಲು ಹಾಕಿದ ಮೀನಿನ ಮೇಲೆ ಕಣ್ಣಿಡು ಅಂದರೆ, ಮೀನಿಗೆ ಮುಖ ತಾಗಿಸಿ ಮಲಗುತ್ತಿದ್ದ.

"ಇವನನ್ನು ಯಾರು ಕೆಲಸಕ್ಕೆ ಇಟ್ಕೊಳ್ತಾರೆ ದೇವರೇ" ಅಂತ ಗುಲಾಬಿ ಚಕ್ಕುಲಿ ಕರಿಯುತ್ತ ದಿನವೂ ಗೊಣಗುತ್ತಿದ್ದಳು.

ಬಚ್ಚನಿಗೆ ಬರುತ್ತಿದ್ದ ವಿದ್ಯೆ ಒಂದೇ. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟ. ಒಂದು ದಿನ ಚಕ್ಕುಲಿ ಕೊಳ್ಳಲು ಬಂದ ಸಂಜೀವ ಶೆಟ್ರು ಅದನ್ನು ನೋಡಿದರು. ಘಟ್ಟದ ಮೇಲೆ ಹೋಗುವ ಹಳದಿ ಬಸ್ಸು ಅವರದ್ದೇ. ಗುಲಾಬಿ ಕೈಮುಗಿದು, ಮಗನಿಗೊಂದು ಕೆಲಸ ಕೊಡಿ ಅಂದಳು.

ಶೆಟ್ರಿಗೆ ನಗು ಬಂತು. "ಭಾನುವಾರ ಬರ್ತೇನೆ. ಇದರಲ್ಲಿ ಒಂದು ಸಲ ಘಟ್ಟ ಹತ್ತಿಸಿ ತೋರಿಸ್ಲಿ. ನಡುವೆ ನಿಲ್ಲಬಾರ್ದು. ಹತ್ತಿಸಿದ್ರೆ ನನ್ನ ಬಸ್ಸಿಗೆ ಕ್ಲೀನರ್ ಮಾಡ್ತೇನೆ."

ಅಲ್ಲೇ ಇತ್ತು ತೊಂದರೆ. ಆಟದ ಬಸ್ಸು ಯಾವುದೋ ದೇಶದ್ದು. ಅದಕ್ಕೆ ಊರಿನ ಹುಡುಗರು ಶೆಟ್ರ ಬಸ್ಸಿನ ಬಣ್ಣ ಸೇರಿಸಿದ್ದರು, ಹಾರ್ನು ಸೇರಿಸಿದ್ದರು, ಘಟ್ಟದ ರಸ್ತೆ, ಮೀನು ಮಾರ್ಕೆಟ್ಟು, ಮಾರ್ಕೆಟ್ಟಿನ ನಾಯಿಗಳನ್ನೂ ಸೇರಿಸಿದ್ದರು. "ಇದು ಹಾಕಲಾ ಬಚ್ಚಣ್ಣ?" ಅಂದರೆ ಬಚ್ಚ "ಹಾಕಿ" ಅನ್ನುತ್ತಿದ್ದ. ಹಾಕಿ ಹಾಕಿ ಕಂಪ್ಯೂಟರಿಗೆ ಏದುಸಿರು. ಮೊದಲ ತಿರುವಿನಲ್ಲೇ ಬಸ್ಸು ನಿಂತು, ಚಿತ್ರ ಅಂಟಿಕೊಂಡು ಬಿಡುತ್ತಿತ್ತು.

ಬಚ್ಚ ಪೇಟೆಯ ಕಂಪ್ಯೂಟರ್ ಅಂಗಡಿಯ ಉದಯನಿಗೆ ಫೋನ್ ಮಾಡಿದ.

"ಸುಮಾರು ಕಿಟಕಿ ತೆರೆದಿಟ್ಟಿರ್ತೀಯ. ಎಲ್ಲ ಮುಚ್ಚು, ಆಮೇಲೆ ಆಡು" ಅಂದ ಉದಯ.

ಬಚ್ಚ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದ. ಬಾಗಿಲೂ ಕಿಟಕಿಯ ಅಣ್ಣನೇ ಅಲ್ಲವೇ ಅಂತ ಅದನ್ನೂ ಮುಚ್ಚಿದ. ಒಲೆಯ ಹೊಗೆ ಮನೆ ತುಂಬಿತು. ಗುಲಾಬಿ ಕೆಮ್ಮುತ್ತ, ಕಣ್ಣುಜ್ಜುತ್ತ ಹೊರಗೆ ಬಂದಳು.

"ಒಳಗೆ ಜನ ಇದ್ದಾರೆ ಅಂತ ಗೊತ್ತಾಗುದಿಲ್ವಾ ನಿಂಗೆ? ಎಂತ ಮಾಡುದಿದ್ರೂ ಮೊದಲು ಒಂದು ಮಾತು ಕೂಗಿ ಹೇಳು."

"ಆಯ್ತಮ್ಮ" ಅಂದ ಬಚ್ಚ. ಮತ್ತೆ ಫೋನ್ ಮಾಡಿದ.

"ದೂರದ್ದೆಲ್ಲ ಕಾಣುವ ಹಾಗೆ ಇಟ್ಟಿದ್ದೀಯ, ಅದನ್ನು ಕಡಿಮೆ ಮಾಡು" ಅಂದ ಉದಯ. ಬಚ್ಚ "ಕನ್ನಡಕ ತಗೊಂಡೆ" ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿ, ಅಮ್ಮ ಸೂಜಿ ಪೋಣಿಸುವ ಕನ್ನಡಕ ಹಾಕಿಕೊಂಡು ಆಡಲು ಕುಳಿತ. ದೂರದ್ದೇನೂ ಕಾಣಲಿಲ್ಲ, ನಿಜ. ಬಸ್ಸು ಸೀದಾ ಮೀನು ಮಾರ್ಕೆಟ್ಟಿಗೆ ನುಗ್ಗಿತು.

ಉದಯನಿಗೆ ಮತ್ತೊಂದು ಫೋನ್.

"ಹಾಗಾದ್ರೆ ಹಿಂದುಗಡೆ ಎಂತದೋ ಕೆಲಸ ನಡೀತಾ ಉಂಟು. ಅದನ್ನೆಲ್ಲ ನಿಲ್ಲಿಸು."

ಬಚ್ಚ ಹಿತ್ತಿಲಿಗೆ ಹೋಗಿ ನೋಡಿದ. ಉದಯ ಹೇಳಿದ್ದು ಸರಿಯೇ, ಹಿಂದುಗಡೆ ಕೆಲಸ ನಡೆಯುತ್ತಿತ್ತು. ತೆಂಗಿನಕಾಯಿ ಕೀಳುವ ತಿಮ್ಮ ಮರದ ಅರ್ಧಕ್ಕೆ ಹತ್ತಿದ್ದ.

"ತಿಮ್ಮಣ್ಣ, ನಿಲ್ಲಿ" ಅಂತ ಬಚ್ಚ ಕೂಗಿದ. ಹಾವೋ ಜೇನೋ ಅಂತ ಹೆದರಿ ತಿಮ್ಮ ಮರ ತಬ್ಬಿ ನಿಂತ. ಬಚ್ಚ ಒಳಗೆ ಹೋಗಿ ಆಟಕ್ಕೆ ಕುಳಿತ. ಗುಲಾಬಿ ಊಟಕ್ಕೆ ಕರೆಯಲು ಬಂದಾಗಲೂ ತಿಮ್ಮ ಅಲ್ಲೇ ಇದ್ದ.

"ನಿಲ್ಲಿಸು ಅಂದ್ರು, ಇಳಿಸು ಅನ್ಲಿಲ್ಲ" ಅಂದ ಬಚ್ಚ.

ಗುಲಾಬಿ ಹಣೆ ಬಡಿದುಕೊಂಡಳು. "ಮೇಲಿದ್ದದ್ದನ್ನು ಮೊದಲು ಜೋಪಾನವಾಗಿ ಕೆಳಗೆ ಇಳಿಸ್ಬೇಕು ಮಾರಾಯ. ಕೈಹಿಡಿದು, ಪೆಟ್ಟಾಗದ ಹಾಗೆ. ನೆನಪಿಟ್ಕೋ."

ಬಚ್ಚ ನೆನಪಿಟ್ಟುಕೊಂಡ. ಭಾನುವಾರ ಬೆಳಿಗ್ಗೆ ಉದಯ ತಾನಾಗಿಯೇ ಫೋನ್ ಮಾಡಿ ಹೇಳಿದ. "ಈಗ ಗೊತ್ತಾಯ್ತು. ನಿಂದು ಮಾಡು ಜಾಸ್ತಿಯಾಯ್ತು. ಅಷ್ಟು ಭಾರ ಹೊರ್ಲಿಕ್ಕೆ ಆಗುದಿಲ್ಲ ಅದಕ್ಕೆ. ಒಂದೊಂದೇ ತೆಗೆದು ನೋಡು. ಸರಿ ಓಡಿದ್ರೆ ಆಮೇಲೆ ಒಂದೊಂದೇ ವಾಪಸ್ ಹಾಕು."

ಆಟಕ್ಕೆ ಹೊರಗಿನಿಂದ ಸೇರಿಸಿದ ಸಾಮಾನಿಗೆ ಆಡುವ ಹುಡುಗರು ಇಂಗ್ಲಿಷಿನಲ್ಲಿ ಮಾಡ್, ಮಾಡು ಅನ್ನುತ್ತಾರಂತೆ. ನಮ್ಮ ಕಡೆ ಮಾಡು ಅಂದರೆ ಮನೆಯ ಹೆಂಚಿನ ಸೂರು. ಬಚ್ಚನಿಗೆ ಗೊತ್ತಿದ್ದದ್ದು ಅದೊಂದೇ ಮಾಡು.

ಗುಲಾಬಿ ಚಕ್ಕುಲಿ ಮಾರಿ ಮನೆಗೆ ಬರುವಾಗ ಮನೆಯ ಮೇಲೆ ಮಾಡು ಇರಲಿಲ್ಲ. ಹೆಂಚೆಲ್ಲ ಅಂಗಳದಲ್ಲಿ ಸಾಲಾಗಿ ಕುಳಿತಿತ್ತು. ಬಚ್ಚ ಕಡೆಯ ಹೆಂಚನ್ನು ಎದೆಗೆ ಒತ್ತಿಕೊಂಡು ಏಣಿ ಇಳಿಯುತ್ತಿದ್ದ. ಅವಳ ಹಿಂದೆಯೇ ಶೆಟ್ರೂ ಬಂದರು.

"ಮಾಡು ಎಲ್ಲಿ?" ಅಂತ ಗುಲಾಬಿ ಕೇಳಿದಳು.

"ಒಂದೊಂದೇ ತೆಗೆದು ನೋಡಿದೆ. ಆದ್ರೂ ಬಸ್ಸು ಎಳೀತಾ ಇಲ್ಲ ಅಮ್ಮ."

ಗುಲಾಬಿಗೆ ಅಳು ಬಂತು. ಹೋಯಿತು, ಕೆಲಸವೂ ಹೋಯಿತು, ಮಾಡೂ ಹೋಯಿತು. ಶೆಟ್ರು ಉದಯನಿಗೆ ಹೇಳಿಕಳಿಸಿದರು. ಅವನು ಓಡಿ ಬಂದು, ಮೇಲೆ ನೋಡಿ, ಕಂಪ್ಯೂಟರಿನ ಮುಂದೆ ಕುಳಿತ. ನಾಯಿಗಳನ್ನು ತೆಗೆದ, ಮಾರ್ಕೆಟ್ಟು ತೆಗೆದ, ಇನ್ನೂ ಏನೇನೋ ತೆಗೆದ. ಬಸ್ಸು ಚಂದಕ್ಕೆ ಓಡಿತು. ಶೆಟ್ರು ಮನೆಯೊಳಗೆ ಕೊಡೆ ಬಿಡಿಸಿಕೊಂಡು ಕುಳಿತು, ಬಚ್ಚ ಘಟ್ಟ ಹತ್ತಿಸುವುದನ್ನು ನೋಡಿದರು. ಎಲ್ಲೂ ನಿಲ್ಲಲಿಲ್ಲ.

ಆಮೇಲೆ ಅಂಗಳಕ್ಕೆ ಬಂದು ಹೆಂಚಿನ ಸಾಲು ನೋಡಿದರು. "ಒಂದೂ ಒಡೀಲಿಲ್ಲ ಅಲ್ವಾ? ಬಸ್ಸಿನ ಮೇಲಿನ ಸಾಮಾನು ಇಳಿಸ್ಲಿಕ್ಕೆ ಇಂಥವನೇ ಬೇಕು. ನಾಳೆ ಬಾ."

ಗುಲಾಬಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಕ್ಕಪಕ್ಕದವರು ಸೇರಿ ಸಂಜೆಯೊಳಗೆ ಮಾಡು ಹೊದಿಸಿದರು. ಮರುದಿನ ಮಗನ ಮೊದಲ ಕೆಲಸ ನೋಡಲು ಅವಳು ಹೊಸ ಸೀರೆ ಉಟ್ಟು ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತಳು. ಶೆಟ್ರು ಕಾರಿನಲ್ಲಿ ಮುಂದೆ ಹೋಗಿ ಘಟ್ಟದ ಮೇಲೆ ಕಾದು ನಿಂತರು.

ಅವತ್ತು ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಘಟ್ಟದ ಬುಡದಲ್ಲೇ ಬಸ್ಸು ನಡೆಯುವವರಿಗಿಂತ ನಿಧಾನವಾಯಿತು. "ಜನ ಜಾಸ್ತಿಯಾಯ್ತು. ಎಳೀತಾ ಇಲ್ಲ" ಅಂದ ಡ್ರೈವರ್, ರಸ್ತೆ ಮೇಲಿನ ಕಣ್ಣು ತೆಗೆಯದೆ.

ಬಚ್ಚನಿಗೆ ಈ ರೋಗದ ಮದ್ದು ಗೊತ್ತಿತ್ತು. ಮೊದಲು ಕಂಡಕ್ಟರನನ್ನು ಇಳಿಸಿದ, ಅವನ ಚೀಲ ಭಾರ ಇತ್ತು. ಆಮೇಲೆ ಬಸ್ಸು ನಿಧಾನವಾಗುವ ತಿರುವಿಗಿಷ್ಟು ಜನ. "ಸ್ವಲ್ಪ ಇಳೀರಿ, ಸರಿಯಾದ್ರೆ ವಾಪಸ್ ಹಾಕ್ತೇನೆ" ಅಂತ ಒಬ್ಬೊಬ್ಬರನ್ನೇ ಕೈಹಿಡಿದು, ಪೆಟ್ಟಾಗದ ಹಾಗೆ ಇಳಿಸಿದ. ಬಸ್ಸು ಹಗುರಾಗುತ್ತ ಬಂತು. ಡ್ರೈವರನಿಗೂ ಖುಷಿ. ಕೊನೆಯ ತಿರುವಿನಲ್ಲಿ ಉಳಿದವಳು ಗುಲಾಬಿ.

"ನಾನು ನಿನ್ನ ಅಮ್ಮ ಅಲ್ವಾ ಮಗ" ಅಂದಳು.

"ಜಾಗ್ರತೆ ಅಮ್ಮ, ಮೆಟ್ಟಿಲು ಎತ್ತರ ಉಂಟು" ಅಂತ ಅವಳನ್ನೂ ಇಳಿಸಿದ.

ಬಸ್ಸು ಹೊತ್ತಿಗೆ ಮೊದಲೇ ಘಟ್ಟ ಹತ್ತಿತು. ಶೆಟ್ರು ಹತ್ತಿರ ಬಂದು ಒಳಗೆ ಬಗ್ಗಿ ನೋಡಿದರು. "ಜನ ಎಲ್ಲಿ ಬಚ್ಚ?"

"ತೆಗೆದಿಟ್ಟಿದ್ದೇನೆ ಶೆಟ್ರೇ. ಬಸ್ಸು ಈಗ ಚಂದ ಓಡ್ತದೆ. ಇನ್ನು ಒಬ್ಬೊಬ್ಬರನ್ನೇ ವಾಪಸ್ ಹಾಕುದು" ಅಂದ ಬಚ್ಚ, ಮತ್ತು ಅಮ್ಮನನ್ನು ಹೊತ್ತು ತರಲು ಘಟ್ಟ ಇಳಿಯತೊಡಗಿದ.